ತಿಪ್ಪೇಸ್ವಾಮಿಗೂ ಮೇಲಿನವರು

ಮನೆಯಲ್ಲಿ ತಮ್ಮ ಮಾತೇ ನಡೆಯುತ್ತದೆ ಎಂದು ಗಟ್ಟಿಯಾಗಿ ನಂಬಿರುವ ಗಂಡಸರು ದೆಹಲಿಯ ರೋಹಿಣಿ ಬಡಾವಣೆಯಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ. ತಿಪ್ಪೇಸ್ವಾಮಿಯವರು ಅವರಲ್ಲೊಬ್ಬರು. ಅವರ ಆಡಳಿತವೆಲ್ಲ ನಡೆಯುತ್ತಿದ್ದುದು ‘ನೋಡೋಣ’ ಎಂಬ ಒಂದೇ ಮಾತಿನ ಮೇಲೆ. ಬಾಲ್ಕನಿಯಲ್ಲಿ ತುಕ್ಕು ಹಿಡಿದು ಕೂತಿರುವ ಕೂಲರನ್ನು ಗುಜರಿಗೆ ಹಾಕೋಣವೇ ಎಂದು ಹೆಂಡತಿ ಲೀಲಮ್ಮ ಕೇಳಿದರೆ, ನೋಡೋಣ. ಗೆಳತಿಯರ ಜೊತೆ ಜೈಪುರಕ್ಕೆ ಹೋಗಿಬರಲೇ ಎಂದು ಕಾಲೇಜಿನಲ್ಲಿ ಓದುವ ಮಗಳು ಅನನ್ಯಾ ಕೇಳಿದರೆ, ನೋಡೋಣ. ಆಗಲಿ ಅಂದರೆ ಮೈಮೇಲೆ ಕೆಲಸ ಬೀಳುತ್ತದೆ, ಬೇಡ ಅಂದರೆ ರಾತ್ರಿಯ ಸಾರಿಗೆ ಒಗ್ಗರಣೆ ಬೀಳುವುದಿಲ್ಲ. ನೋಡೋಣ ಅಂದರೆ ಎರಡು ತಾಪತ್ರಯವೂ ಇಲ್ಲ, ಗೌರವಕ್ಕೂ ಕುಂದಿಲ್ಲ.

ಆದರೆ ಈಚೆಗೆ ಈ ನೋಡೋಣಕ್ಕೆ ಸತ್ವಪರೀಕ್ಷೆ ಬಂದಿತ್ತು. ದಾವಣಗೆರೆಯಲ್ಲಿ ಲೀಲಮ್ಮನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಲೀಲಮ್ಮನಿಗೆ ಅಲ್ಲಿಗೆ ಹೋಗಲೇಬೇಕು, ಅದೂ ಗಂಡನನ್ನು ಪಕ್ಕದಲ್ಲಿಟ್ಟುಕೊಂಡೇ ಹೋಗಬೇಕು. ತಿಪ್ಪೇಸ್ವಾಮಿಯವರಿಗೆ ಏನೇ ಆದರೂ ಹೋಗಕೂಡದು. ಕಾರಣ, ಆ ಮನೆಯ ಯಜಮಾನ ದೇವೇಂದ್ರಪ್ಪ, ಅಂದರೆ ಇವರ ಷಡ್ಡಕ. ಹಿಂದೊಮ್ಮೆ ಹೊಸ ಕಾರು ತಂದಾಗ ಆ ಮನುಷ್ಯ ಇವರನ್ನು ಒಳಗೆ ಕೂರಿಸಿ, ಗಾಜು ಏರಿಸಿ, ಇರುವ ಗುಂಡಿಯನ್ನೆಲ್ಲ ಒತ್ತಿ ತೋರಿಸಿದ್ದ. ಇನ್ನು ಮನೆ ಅಂದಮೇಲೆ ಒಂದೊಂದು ನಲ್ಲಿಯನ್ನೂ ತಿರುಗಿಸಿ, ‘ಇಂಥದ್ದು ನಿಮ್ಮ ಡೆಲ್ಲಿ ಫ್ಲಾಟಲ್ಲಿ ಇದೆಯಾ ಅಣ್ಣಾ’ ಎಂದು ಕೇಳದೆ ಬಿಡುತ್ತಾನೆಯೇ?

ಹಾಗಾಗಿ ತಿಪ್ಪೇಸ್ವಾಮಿಯವರು ನೋಡೋಣದ ಜೊತೆಗೆ ಒಂದು ಸುಳ್ಳನ್ನೂ ಸೇರಿಸಿದರು. ತಮ್ಮ ಮಾಲೀಕ ಬಾತ್ರಾ ಸಾಹೇಬರು ರಜೆ ಕೊಡುತ್ತಿಲ್ಲ, ಕೇಳಿದರೆ ಹಲ್ಲು ಕಡಿಯುತ್ತಾರೆ, ಮನುಷ್ಯತ್ವವೇ ಇಲ್ಲದ ಪ್ರಾಣಿ ಎಂದರು. (ಪಾಪ, ಆ ಪ್ರಾಣಿಯ ಬಳಿ ಇವರು ರಜೆಯನ್ನೇ ಕೇಳಿರಲಿಲ್ಲ.) ಲೀಲಮ್ಮ ಮಾತುಮಾತಿಗೂ ಹಟ ಹಿಡಿಯುವಂಥ ಹೆಂಗಸಲ್ಲದಿದ್ದರೂ, ಈ ಒಂದು ವಿಷಯದಲ್ಲಿ ಮುಖ ಊದಿಸಿಕೊಂಡಿದ್ದರು.

ಇತ್ತ ಓಖ್ಲಾದ ಬಟ್ಟೆ ರಫ್ತು ಕಂಪನಿಯಲ್ಲಿ ಬಾತ್ರಾ ಸಾಹೇಬರಿಗೆ ಬೇರೆಯದೇ ಚಿಂತೆ. ಅಲ್ಲಿ ಪ್ರತಿಯೊಂದಕ್ಕೂ ಕಾಗದ, ಕಾಗದಕ್ಕೆಲ್ಲ ಸಹಿ, ಸಹಿ ಮಾಡುವವರ ಮೇಜಿನ ಮೇಲೆಲ್ಲ ಚಹಾ ಲೋಟ. ಅಂಗಿಗಳಿಗೆ ಗುಂಡಿ ಕೊಳ್ಳುವ ಅನುಮತಿ ಎಲ್ಲ ಲೋಟಗಳ ಅಡಿಯಿಂದ ಪಾರಾಗಿ ಬರುವ ಹೊತ್ತಿಗೆ ಅಂಗಿಯ ಕಾಲ ಮುಗಿದು ಸ್ವೆಟರಿನ ಕಾಲ ಬಂದಿತ್ತು. ಇನ್ನು ಈ ಕಾಗದದ ಸಹವಾಸ ಬೇಡ, ಕೆಲಸ ತಾನಾಗಿ ಒಬ್ಬರಿಂದೊಬ್ಬರಿಗೆ ಹರಿದುಹೋಗುವಂಥ ಸಾಫ್ಟ್‌ವೇರ್ ತರೋಣ ಎಂದು ಅವರು ತೀರ್ಮಾನಿಸಿದರು. ಅಂಥವು ಮೂರನ್ನು ಹೋಲಿಸಿ, ಯಾವುದು ಒಳ್ಳೆಯದೆಂದು ಸೋಮವಾರ ಹೇಳುವ ಭಾರ ತಿಪ್ಪೇಸ್ವಾಮಿಯವರ ಹೆಗಲಿಗೆ ಬಿತ್ತು. ಸರಿಯಾಗಿ ಮಾಡಿದರೆ ಮ್ಯಾನೇಜರ್ ಪಟ್ಟವೂ ಸಿಗಬಹುದು ಎಂಬ ಸೂಚನೆಯೂ ಇತ್ತು.

ಅಕ್ಷರಧಾಮ ದೇವಸ್ಥಾನ ನೋಡಲು ಬಂದವರ ಹಾಗೆ ಆಫೀಸಿನಲ್ಲಿ ಕೂತು ಮೂರನ್ನೂ ನೋಡಿದರೆ ಏನು ತಿಳಿದೀತು? ಪ್ರಯೋಗ ಮಾಡಬೇಕು. ಎಲ್ಲಿ? ಮನೆಯಲ್ಲಿ. ಈ ಭವ್ಯ ಯೋಚನೆ ಹೊಳೆದದ್ದು ಮೆಟ್ರೋದಲ್ಲಿ, ಒಂಟಿ ಕಾಲಿನ ಮೇಲೆ ನಿಂತಿದ್ದಾಗ. ಇನ್ನು ಮುಂದೆ ಯಾರಿಗೆ ಏನು ಬೇಕಾದರೂ ಮೊಬೈಲಿನಲ್ಲಿ ಅರ್ಜಿ ಹಾಕಬೇಕು, ತಾವು ಮಂಜೂರು ಮಾಡಬೇಕು ಎಂದು ಮನೆಗೆ ಬಂದು ಘೋಷಿಸಿದರು. ಲೀಲಮ್ಮ ಒಗೆದ ಬಟ್ಟೆ ಮಡಚುತ್ತಾ, ಟವೆಲ್ಲಿಗೂ ಅರ್ಜಿ ಹಾಕಬೇಕೇ ಎಂದಷ್ಟೇ ಕೇಳಿದರು.

ಮೊದಲನೆಯ ಸಾಫ್ಟ್‌ವೇರ್ ಪರಮ ಶಿಸ್ತಿನದು. ಕೊತ್ತಂಬರಿ ಸೊಪ್ಪು ಬೇಕೆಂದರೆ ಯಾವ ವಿಭಾಗಕ್ಕೆ, ಯಾವ ಯೋಜನೆಗೆ, ತರದಿದ್ದರೆ ಆಗುವ ನಷ್ಟವೇನು ಎಂದೆಲ್ಲ ಕೇಳಿತು. ಲೀಲಮ್ಮ ಉತ್ತರ ತುಂಬಿಸುವಷ್ಟರಲ್ಲಿ ಸೊಪ್ಪಿನ ಭಯ್ಯಾ ಗಾಡಿ ತಳ್ಳಿಕೊಂಡು ಮುಂದಿನ ಬೀದಿಗೆ ಹೋಗಿದ್ದ. ಎರಡನೆಯದಕ್ಕೆ ಬಾಯಿ ಬಿಗಿ ಇರಲಿಲ್ಲ. ಒಬ್ಬರಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳುತ್ತಿತ್ತು. ತಿಪ್ಪೇಸ್ವಾಮಿಯವರು ತಮಗಾಗಿ ಗುಟ್ಟಾಗಿ ತರಿಸಿಕೊಂಡ ಜಿಲೇಬಿಯ ಸುದ್ದಿ ಟಣ್ ಎಂದು ಲೀಲಮ್ಮನ ಫೋನಿಗೆ ಹೋಯಿತು. ಸಕ್ಕರೆ ಕಾಯಿಲೆಯವರ ಜಿಲೇಬಿ ತಕ್ಷಣ ಜಪ್ತಿಯಾಯಿತು, ಸಾಫ್ಟ್‌ವೇರಿಗೆ ಸೊನ್ನೆ ಅಂಕ ಬಿತ್ತು.

ಮೂರನೆಯದು ಮಾತ್ರ ಗಂಭೀರ ಸ್ವಭಾವದ್ದು, ಎರಡೇ ಪ್ರಶ್ನೆ ಕೇಳಿತು. ಮಂಜೂರು ಮಾಡುವವರು ಯಾರು? ತಿಪ್ಪೇಸ್ವಾಮಿಯವರು ಎದೆಯುಬ್ಬಿಸಿ ತಮ್ಮ ಹೆಸರು ಹಾಕಿದರು. ಅವರಿಗೂ ಮೇಲಿನವರು ಯಾರು? ಇಲ್ಲಿ ಕೈ ತಡೆಯಿತು. ಆ ಮನೆಯಲ್ಲಿ ಅವರ ಮೇಲಿನವರು ಯಾರೆಂಬುದು ಹಾಲಿನವನಿಗೂ ಗೊತ್ತು, ಆದರೆ ಅದನ್ನು ಸ್ವಂತ ಕೈಯಿಂದ ಬರೆದುಕೊಡಲು ಯಾವ ಗಂಡಸಿಗೆ ಮನಸ್ಸು ಬಂದೀತು? ಖಾಲಿ ಬಿಡೋಣವೆಂದರೆ ಅದು ಮುಂದೆ ಹೋಗಲೊಲ್ಲದು. ಕೊನೆಗೆ, ಕಂಪನಿಯ ಕೆಲಸ ತಾನೆ ಎಂದು ಬಾತ್ರಾ ಸಾಹೇಬರ ಮೇಲ್ ವಿಳಾಸ ಹಾಕಿ ಮುಗಿಸಿದರು. ಆ ಪ್ರಶ್ನೆ ಏಕೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆಯಿತ್ತು. ಹೋಲಿಸಿ ನೋಡಬೇಕಾದವರು ಅದನ್ನು ಓದಲಿಲ್ಲ.

ಅರ್ಜಿಗಳು ಬರತೊಡಗಿದವು. ಪ್ರತಿಯೊಂದರ ಕೆಳಗೂ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಅಂದರೆ ಆಗಲಿ, ಕೆಂಪು ಅಂದರೆ ಬೇಡ. ನೋಡೋಣಕ್ಕೆ ಗುಂಡಿಯೇ ಇಲ್ಲ! ತಿಪ್ಪೇಸ್ವಾಮಿಯವರು ಮೇಲೆ ಕೆಳಗೆ ಹುಡುಕಿ, ಇದು ನಮ್ಮ ಕಡೆಯವರು ಮಾಡಿದ ಸಾಫ್ಟ್‌ವೇರ್ ಅಲ್ಲವೆಂದು ಖಚಿತಪಡಿಸಿಕೊಂಡು, ಫೋನನ್ನು ಬೋರಲು ಹಾಕಿ ಮಲಗಿದರು. ಒತ್ತದಿದ್ದರೆ ಅರ್ಜಿ ಅಲ್ಲೇ ಬಿದ್ದಿರುತ್ತದೆ, ಓಖ್ಲಾದ ಕಾಗದಗಳು ಬಿದ್ದಿರುವುದಿಲ್ಲವೇ, ಹಾಗೆ.

"ಅಪ್ಪ, ಮೇರಾ ಜೈಪುರ್ ವಾಲಾ ಇನ್ನೂ ಪೆಂಡಿಂಗ್ ಇದೆ ನಾ," ಎಂದು ಅನನ್ಯಾ ಭಾನುವಾರ ನೆನಪಿಸಿದಳು. ಸಂಜೆಯಾದ ಮೇಲೆ ಅವಳೂ ಸುಮ್ಮನಾದಳು. ಲೀಲಮ್ಮನ ಮುಖವೂ ತಿಳಿಯಾಗಿ ಕಂಡಿತು. ಎಲ್ಲರೂ ಮರೆತರು ಎಂದುಕೊಂಡು ತಿಪ್ಪೇಸ್ವಾಮಿಯವರು, ಮೂರನೆಯದೇ ಅತ್ಯುತ್ತಮ, ಮನೆಯಲ್ಲಿ ಅಪೂರ್ವ ಶಾಂತಿ ನೆಲೆಸಿದೆ ಎಂದು ವರದಿ ಬರೆದರು.

ಸೋಮವಾರ ಬಾತ್ರಾ ಸಾಹೇಬರು ವರದಿಯನ್ನು ತೆರೆಯಲೇ ಇಲ್ಲ. ಬಾಗಿಲು ಹಾಕಿಸಿ, ಇವರನ್ನು ಕೂರಿಸಿ, ನೊಂದ ದನಿಯಲ್ಲಿ ಕೇಳಿದರು: "ತಿಪ್ಪೇಸ್ವಾಮಿ ಜೀ, ಛುಟ್ಟಿ ಕೆ ಲಿಯೇ ಮೈನೆ ಆಪ್ ಕೋ ಕಬ್ ಮನಾ ಕಿಯಾ?"

ರಜೆ ಕೊಡುವುದಿಲ್ಲವೆಂದು ನಾನು ಯಾವಾಗ ಅಂದೆ ಎಂದು. ತಿಪ್ಪೇಸ್ವಾಮಿಯವರಿಗೆ ಕುರ್ಚಿ ಸಹಿತ ಭೂಮಿಗಿಳಿದಂತಾಯಿತು. ಸಾಹೇಬರು ಫೋನ್ ಮುಂದೆ ಹಿಡಿದರು. ಕೆಳಗಿನವರು ಉತ್ತರಿಸದಿದ್ದರೆ ಅರ್ಜಿ ತಾನಾಗಿ ಮೇಲಿನವರಿಗೆ ಹೋಗುತ್ತದಂತೆ. ಸಣ್ಣ ಅಕ್ಷರ ಹೇಳಿದ್ದು ಅದನ್ನೇ. ಕೂಲರು ಹೋಗಿತ್ತು, ಜೈಪುರ ಹೋಗಿತ್ತು, ಎಲ್ಲಕ್ಕೂ ಮುಂದಾಗಿ ದಾವಣಗೆರೆ ಹೋಗಿತ್ತು. ಲೀಲಮ್ಮ ಹೇಳಿದ ಕಾರಣವನ್ನು ಅನನ್ಯಾ ಹಿಂದಿಯಲ್ಲಿ ಚೆನ್ನಾಗಿಯೇ ಬರೆದಿದ್ದಳು: ಯಜಮಾನರು ಬಂಗಾರದಂಥವರು, ಅವರ ಮಾಲೀಕರಿಗೆ ಮಾತ್ರ ಮನುಷ್ಯತ್ವವಿಲ್ಲ. ಅದನ್ನು ಓದಿ ಬಾತ್ರಾ ಸಾಹೇಬರ ಹೆಂಡತಿ ಗಂಡನಿಗೆ ಊಟ ಬಡಿಸಲಿಲ್ಲವಂತೆ. ಸಾಹೇಬರು ಒಂದೂ ಬಿಡದೆ ಎಲ್ಲಕ್ಕೂ ಹಸಿರು ಒತ್ತಿದ್ದರು. ಸಾಫ್ಟ್‌ವೇರ್ ಅದ್ಭುತ, ಇದನ್ನೇ ಕೊಳ್ಳೋಣ, ನೀವು ಊರಿಗೆ ಹೋಗಿ ಬನ್ನಿ, ಮ್ಯಾನೇಜರ್ ವಿಷಯ ಆಮೇಲೆ ಮಾತಾಡೋಣ ಎಂದರು.

ಮನೆಗೆ ಬರುವ ದಾರಿಯಲ್ಲಿ ತಿಪ್ಪೇಸ್ವಾಮಿಯವರು ಹೊಸ ಯೋಜನೆ ಹಾಕಿದರು. ಹೋಗುವುದಂತೂ ತಪ್ಪಲಿಲ್ಲ, ಕನಿಷ್ಠ ಕೀರ್ತಿಯಾದರೂ ಬರಲಿ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು: ತಾವು ಮೇಜು ಗುದ್ದಿದ್ದು, ರಾಜೀನಾಮೆ ಬಿಸಾಡುತ್ತೇನೆಂದು ಗುಡುಗಿದ್ದು, ಬಾತ್ರಾ ಗಡಗಡ ನಡುಗಿ ರಜೆ ಬರೆದುಕೊಟ್ಟಿದ್ದು. ಹೇಳುತ್ತಾ ಹೇಳುತ್ತಾ ಅವರಿಗೇ ರೋಮಾಂಚನವಾಯಿತು. ಲೀಲಮ್ಮ ಎಲ್ಲೂ ಅಡ್ಡ ಬಾಯಿ ಹಾಕದೆ ಕೇಳಿ, ಕಾಫಿ ತಂದು ಕೈಗಿಟ್ಟರು.

"ಮಧ್ಯಾಹ್ನ ಬಾತ್ರಾ ಅವರ ಹೆಂಡತಿ ಫೋನ್ ಮಾಡಿದ್ರು ರೀ. ಪಾಪ, ಗಂಡನ ಪರವಾಗಿ ತುಂಬಾ ಕ್ಷಮೆ ಕೇಳಿದ್ರು. ನಮ್ಮ ಕಡೆ ಗೃಹಪ್ರವೇಶ ಅವರು ನೋಡೇ ಇಲ್ವಂತೆ, ಬನ್ನಿ ಅಂದೆ. ಇಬ್ಬರೂ ಬರ್ತಾರೆ. ಅವರಿಗೆ ವಿಮಾನ ಅಂದ್ರೆ ಭಯ, ಅದಕ್ಕೇ ನಮ್ಮ ಜೊತೆ ರೈಲಲ್ಲೇ ಬರೋದು."

ತಿಪ್ಪೇಸ್ವಾಮಿಯವರು ಕಾಫಿ ಲೋಟವನ್ನು ಕೆಳಗಿಟ್ಟರು.

"ಆ ಮೇಜು ಗುದ್ದಿದ ಕಥೆ ಚೆನ್ನಾಗಿತ್ತು," ಎಂದು ಲೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ರೈಲಲ್ಲಿ ಇನ್ನೊಂದ್ಸಲ ಹೇಳಿ. ಬಾತ್ರಾ ಅವರು ಎದುರಿಗೇ ಕೂತಿರ್ತಾರೆ, ಏನಾದ್ರೂ ಬಿಟ್ಟುಹೋಗಿದ್ರೆ ಸೇರಿಸ್ತಾರೆ."