ಎರಡು ಸಲ ಒತ್ತಿದರೆ

ನಂದಕುಮಾರ ಅಳಿಸಿದ್ದು ಮೂರೇ ಮೂರು ಸಾಲು. ಶಂಕರಪುರದ ಒಂದು ಹಳೇ ಮನೆಯ ಮಹಡಿಯಲ್ಲಿ, ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕುಳಿತಿದ್ದ. ಒಂದು ಗುಟುಕು ಕುಡಿದ, ಮೂರು ಸಾಲು ಅಳಿಸಿದ, ಇನ್ನೊಂದು ಗುಟುಕು ಕುಡಿದ. ಇದರಿಂದ ಮಾರನೆಯ ದಿನ ವಿಶ್ವೇಶ್ವರಪುರದಲ್ಲಿ ಅರವತ್ತು ಜನ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಅದು 2003ನೇ ಇಸವಿ. ಆ ಮಹಡಿಯಲ್ಲಿದ್ದದ್ದು ಮುನಿರಾಜ್ ಎಂಬುವರ ಸಾಫ್ಟ್‌ವೇರ್ ಕಂಪನಿ. ಕಂಪನಿ ಎಂದರೆ ಮುನಿರಾಜ್, ನಂದಕುಮಾರ, ಎರಡು ಕಂಪ್ಯೂಟರ್ ಮತ್ತು ಒಂದು ಯುಪಿಎಸ್. ಅವರದೊಂದು ಲೈಬ್ರರಿ ಇತ್ತು. ಪುಸ್ತಕದ ಲೈಬ್ರರಿಯಲ್ಲ, ಕಂಪ್ಯೂಟರಿನ ಪ್ರೋಗ್ರಾಮಿಗೂ ಪರದೆಯನ್ನು ಆಳುವ ವ್ಯವಸ್ಥೆಗೂ ನಡುವೆ ನಿಂತು ಮಾತು ಮುಟ್ಟಿಸುವ ಕೋಡು. "ನನ್ನ ವಿಂಡೋ ದೊಡ್ಡದು ಮಾಡು" ಎಂದು ಪ್ರೋಗ್ರಾಮು ಕೇಳಿದರೆ ಇದು ಹೋಗಿ ಪರದೆಯ ಯಜಮಾನನಿಗೆ ಹೇಳಬೇಕು, ಅವನು ಏನು ಮಾಡಿದನೆಂದು ತಿಳಿದು ಬಂದು ಒಪ್ಪಿಸಬೇಕು. ಒಂದು ರೀತಿಯಲ್ಲಿ ಮದುವೆ ದಲ್ಲಾಳಿಯ ಕೆಲಸ.

ಹಳೇ ಕೋಡು ಅವಸರದ ದಲ್ಲಾಳಿಯಾಗಿತ್ತು. ಕೇಳಿದ ಕೂಡಲೇ "ಆಯಿತು" ಎಂದು ಬರೆದುಕೊಂಡುಬಿಡುತ್ತಿತ್ತು, ಹೆಣ್ಣಿನ ಕಡೆಯವರು ತಲೆಯಾಡಿಸುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ. ಅದನ್ನಾದರೂ ಒಂದೇ ಕಡೆ ಬರೆಯುತ್ತಿತ್ತೇ ಎಂದರೆ ಅದೂ ಇಲ್ಲ. ವಿಂಡೋ ದೊಡ್ಡದಾಗಿದೆಯೇ ಎಂಬುದು ಒಂದು ಕಡೆ, ಮುದುಡಿ ಪರದೆಯ ಕೆಳಗಿನ ಪಟ್ಟಿಗೆ ಇಳಿದಿದೆಯೇ ಎಂಬುದು ಇನ್ನೊಂದು ಕಡೆ, ಹೀಗೆ ಹನ್ನೊಂದು ಕಡೆ. ಒಂದೇ ವಿಂಡೋ ತಾನು ದೊಡ್ಡದಾಗಿಯೂ ಇದ್ದೇನೆ, ಮುದುಡಿಕೊಂಡೂ ಇದ್ದೇನೆ ಎಂದು ಸಾಧಿಸುವುದಿತ್ತು. ನಂದಕುಮಾರ ಮೂರು ವಾರ ಕುಳಿತು ಎಲ್ಲವನ್ನೂ ಒಂದೇ ಕಡೆಗೆ ತಂದ. ಇನ್ನು ಒಂದು ವಿಂಡೋಗೆ ಒಂದೇ ಸ್ಥಿತಿ, ಅದೂ ಪರದೆಯ ಯಜಮಾನ ಹೌದೆಂದ ಮೇಲೆ.

ಆ ಮೂರು ಸಾಲು ಸಿಕ್ಕಿದ್ದು ಹಾಗೆ ಗುಡಿಸುವಾಗ. ಅವುಗಳ ದೆಸೆಯಿಂದ, ವಿಂಡೋವನ್ನು ಮುದುಡಿಸುವ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ವಿಂಡೋ ಪರದೆಯಿಂದಲೂ ಮಾಯ, ಕೆಳಗಿನ ಪಟ್ಟಿಯಿಂದಲೂ ಮಾಯ. ಸತ್ತಿರುತ್ತಿರಲಿಲ್ಲ, ಒಳಗೆಲ್ಲೋ ಸುಖವಾಗಿ ಇರುತ್ತಿತ್ತು.

"ಎಷ್ಟು ದೊಡ್ಡ ತಪ್ಪು ನೋಡಿ ಸಾರ್. ಎರಡು ವರ್ಷದಿಂದ ಒಬ್ರೂ ಕಂಪ್ಲೇಂಟ್ ಮಾಡಿಲ್ಲ" ಎಂದ ನಂದಕುಮಾರ.

"ಕಂಪ್ಲೇಂಟ್ ಮಾಡಿಲ್ಲ ಅಂದ್ರೆ ಮುಟ್ಬೇಡ ಕಣಯ್ಯ" ಎಂದರು ಮುನಿರಾಜ್.

"ಮುಟ್ಟಿದ್ದಾಯ್ತು ಸಾರ್."

ಆ ಲೈಬ್ರರಿಗೆ ಇದ್ದ ಗಿರಾಕಿ ಒಬ್ಬರೇ, ವಿಶ್ವೇಶ್ವರಪುರದ ಶುಭಘಳಿಗೆ ವಧೂವರ ಕೇಂದ್ರದ ಶಶಿರೇಖಮ್ಮ. ಮಲ್ಲೇಶ್ವರದಲ್ಲಿ ಅವರು ಇನ್ನೊಂದು ಕೇಂದ್ರ ತೆರೆಯುವವರಿದ್ದರು. ಅಲ್ಲಿಗೂ ಇದೇ ಸಾಫ್ಟ್‌ವೇರ್ ಬೇಕೋ ಬೇಡವೋ ಎಂದು ಭಾನುವಾರದ ಸಮಾವೇಶ ನೋಡಿ ಹೇಳುತ್ತೇನೆ ಎಂದಿದ್ದರು. "ಅದು ತಪ್ಪಿದ್ರೆ ಈ ಮಹಡಿನೂ ಇಲ್ಲ, ನೀನೂ ಇಲ್ಲ, ನಾನೂ ಇಲ್ಲ" ಎಂದು ಹೇಳಿ ಮುನಿರಾಜ್ ಹೊಸ ಸಿ.ಡಿ. ಕೊಟ್ಟು ಕಳಿಸಿದರು.

ಸಿ.ಡಿ.ಯನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ನಂದಕುಮಾರನೇ ಇಸ್ತ್ರಿ ಮಾಡಿದ ನೀಲಿ ಷರಟು ತೊಟ್ಟು ಹೊರಟದ್ದಕ್ಕೆ ಕಾರಣ ಕುಸುಮಾ. ಅವಳು ಆ ಕೇಂದ್ರದಲ್ಲಿ ವಿವರಗಳನ್ನು ಟೈಪು ಮಾಡುವ ಹುಡುಗಿ. ಹೋದ ಸಲ ಅವನು ಹೋದಾಗ "ನೀವು ಬಂದ್ರೆ ಸಾಕು, ಕಂಪ್ಯೂಟರ್ ಹೆದರ್ಕೊಂಡು ಸರಿ ಹೋಗುತ್ತೆ" ಎಂದಿದ್ದಳು. ಆ ಒಂದು ಮಾತನ್ನು ನಂದಕುಮಾರ ಆರು ವಾರದಿಂದ ಕರ್ಪೂರದ ಹಾಗೆ ಕಾಪಾಡಿಕೊಂಡು ಬಂದಿದ್ದ.

ಕೇಂದ್ರದ ಹಾಲು ಆಗಲೇ ತುಂಬಿತ್ತು. ಅಪ್ಪಂದಿರು ಕೈಯಲ್ಲಿ ಜಾತಕ, ಅಮ್ಮಂದಿರು ಕೈಯಲ್ಲಿ ಫೋಟೋ, ಮದುವೆಯಾಗಬೇಕಾದವರು ಮುಖದಲ್ಲಿ ಬೇಸರ ಹಿಡಿದು ಕುಳಿತಿದ್ದರು. ಕಂಪ್ಯೂಟರಿನಲ್ಲಿದ್ದದ್ದು ಪ್ರೊಜೆಕ್ಟರಿನಿಂದ ಇಡೀ ಗೋಡೆಯ ಮೇಲೆ ಬೀಳುತ್ತಿತ್ತು.

"ನೋಡಿ ನಂದಕುಮಾರ್, ಗೋಡೆ ಮೇಲೆ ದೊಡ್ಡದು ಮಾಡಿದ್ರೆ ಫೋಟೋ ಎಲ್ಲಾ ಹುಬ್ಬಿನಿಂದ ಶುರುವಾಗ್ತಿದೆ" ಎಂದರು ಶಶಿರೇಖಮ್ಮ. "ಹುಡುಗಿಯರಿಗೆ ಬೊಟ್ಟಿಲ್ಲ, ಹುಡುಗರಿಗೆ ಹಣೆಯಿಲ್ಲ. ಅದೊಂದು ಸರಿ ಮಾಡ್ಕೊಡಿ."

"ಹತ್ತು ನಿಮಿಷ ಅಮ್ಮ."

ಅವರ ಗುಮಾಸ್ತ ದೊರೆಸ್ವಾಮಿ, ಐವತ್ತು ದಾಟಿದ ಮೆದು ಮನುಷ್ಯ, ಮೆಲ್ಲಗೆ ಹತ್ತಿರ ಬಂದರು. "ಹಳೇದೆಲ್ಲಾ ಹಾಗೇ ಇರುತ್ತೆ ತಾನೇ?"

"ಎಲ್ಲಾ ಸರಿ ಹೋಗುತ್ತೆ ಸಾರ್."

"ಸರಿ ಹೋಗೋದೇನೂ ಬೇಡ. ಹಾಗೇ ಇದ್ರೆ ಸಾಕು."

ನಂದಕುಮಾರ ಹೊಸ ಲೈಬ್ರರಿಯನ್ನು ಹಾಕಿ ಪ್ರೋಗ್ರಾಮನ್ನು ಮುಚ್ಚಿ ತೆರೆದ. ಆ ಪ್ರೋಗ್ರಾಮಿಗೊಂದು ಒಳ್ಳೆಯ ಗುಣವಿತ್ತು. ಮುಚ್ಚುವಾಗ ಯಾವ ಯಾವ ವಿಂಡೋ ಇದ್ದವೋ ಅವನ್ನು ನೆನಪಿಟ್ಟುಕೊಂಡು, ಒಂದೊಂದಾಗಿ ಮತ್ತೆ ತೆರೆಯುತ್ತಿತ್ತು. ಮಾಯವಾಗಿದ್ದವೂ ಅದರ ನೆನಪಿನಲ್ಲಿದ್ದವು. ಹಳೇ ಲೈಬ್ರರಿ ಅವನ್ನು ಮಾಯವಾಗಿಯೇ ತೆರೆಯುತ್ತಿತ್ತು. ಹೊಸದರಲ್ಲಿ ಮಾಯ ಎಂಬ ಸ್ಥಿತಿಯೇ ಇರಲಿಲ್ಲ.

ಮೊದಲು ಗೋಡೆ ತುಂಬ ಬಂದದ್ದು ಲೋಹಿತ್ ಎಂಬ ಯುವಕನ ವಿವರ. ಹಣೆ ಪೂರ್ತಿ ಬಂದಿತ್ತು. ಹಣೆ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯದೆ ನೆತ್ತಿಯಾಚೆಗೂ ಹೋಗಿತ್ತು. ನುಣುಪಾದ ತಲೆ, ಬೆಳಗಿದ ತಾಮ್ರದ ಚೊಂಬಿನ ಹಾಗೆ.

ಮೂರನೆಯ ಸಾಲಿನಿಂದ ಲೋಹಿತನ ತಂದೆ ರಾಮಾಂಜಿನಪ್ಪ ಎದ್ದರು. ಅವರಿಗೆ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ. ಅಲ್ಲಿ ಕೂಗಿ ಕೂಗಿ ಪಳಗಿದ ದನಿ. "ಒಂದು ತಿಂಗಳಿಂದ ನನ್ನ ಮಗನ ವಿವರಾನೇ ಸಿಗ್ತಿಲ್ಲ ಅಂದ್ರಿ. ಈಗ ಎಲ್ಲಿಂದ ಬಂತು? ಬಂದಿದ್ದೂ ಬಂತು, ತಲೆ ಯಾಕೆ ತೋರ್ಸಿದ್ರಿ?"

"ಫೋಟೋದಲ್ಲಿ ಇರೋದನ್ನೇ ತೋರ್ಸುತ್ತೆ ಸಾರ್" ಎಂದ ನಂದಕುಮಾರ.

"ಹೋದ ಸಲ ಇದೇ ಫೋಟೋಗೆ ಮೂರು ಮನೆಯೋರು ಒಪ್ಪಿದ್ರು ಕಣ್ರೀ."

"ಆಮೇಲೆ?"

"ಆಮೇಲೆ ಹುಡುಗನ್ನ ನೋಡಿದ್ರು."

ಪಕ್ಕದಲ್ಲಿದ್ದ ಲೋಹಿತ್ ಅಪ್ಪನ ಪಂಚೆ ಎಳೆದು, "ಕೂತ್ಕೊಳ್ಳಪ್ಪ, ಇರೋದೇ ಅಷ್ಟು" ಎಂದ. ಹಾಲು ನಕ್ಕಿತು. ಅವನೂ ನಕ್ಕ.

ಅಷ್ಟರಲ್ಲಿ ಎರಡನೆಯ ವಿಂಡೋ ಬಂತು. ಅದರಲ್ಲಿದ್ದದ್ದು ದೊರೆಸ್ವಾಮಿಯವರ ಫೋಟೋ. ವಯಸ್ಸು ನಲವತ್ತಾರು. ಹವ್ಯಾಸ: ಸಂಜೆ ವಾಕಿಂಗ್, ಜೊತೆಗಾರ್ತಿ ಇದ್ದರೆ ಇನ್ನೂ ಉತ್ತಮ.

"ನಲವತ್ತಾರಾ?" ಎಂದರು ಶಶಿರೇಖಮ್ಮ.

"ಅದು ಹಾಕಿದಾಗ" ಎಂದರು ದೊರೆಸ್ವಾಮಿ, ಎರಡು ವರ್ಷದ ಹಿಂದೆಯಷ್ಟೇ ಕೇಂದ್ರಕ್ಕೆ ಬಂದಿದ್ದ ಕಂಪ್ಯೂಟರಿನ ಹಿಂದೆ ಅವಿತುಕೊಳ್ಳುತ್ತ.

ಆಮೇಲೆ ಒಂದರ ಹಿಂದೊಂದರಂತೆ ಐದು ವಿಂಡೋ ಬಂದವು, ಜಾತ್ರೆಗೆ ಹೊರಟ ಅಣ್ಣತಮ್ಮಂದಿರ ಹಾಗೆ. ಐದು ಜನ ಯುವಕರು. ಒಬ್ಬ ಡಾಕ್ಟರು, ಒಬ್ಬ ಲೆಕ್ಚರರ್ರು, ಇನ್ನೊಬ್ಬನಿಗೆ ಹನುಮಂತನಗರದಲ್ಲಿ ಸ್ವಂತ ಮನೆ. ಪ್ರತಿಯೊಬ್ಬನ ಕೆಳಗೂ ಒಂದು ಷರಾ ಇತ್ತು. ಮುಂದಿನ ಸಾಲಿನ ಹೆಂಗಸೊಬ್ಬರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದರು: "ಚಿನ್ನದಂಥ ಹುಡುಗ. ಯಾರಿಗೂ ತೋರಿಸತಕ್ಕದ್ದಲ್ಲ. ನಮ್ಮ ಯಶಶ್ರೀಗೆ."

ಯಶಶ್ರೀ ಎಂದರೆ ಶಶಿರೇಖಮ್ಮನವರ ತಂಗಿಯ ಮಗಳು.

ಗುಟ್ಟು ಇಷ್ಟೇ. ಯಾವುದಾದರೂ ವಿಂಡೋದಲ್ಲಿ ತೆರೆದಿರುವ ವಿವರ ಬೇರೆಯವರು ಹುಡುಕಿದರೆ ಸಿಗುತ್ತಿರಲಿಲ್ಲ. ತೆರೆದು, ಎರಡು ಸಲ ಒತ್ತಿ ಮಾಯ ಮಾಡಿಬಿಟ್ಟರೆ ಆ ಮನುಷ್ಯ ಲೋಕಕ್ಕೇ ಇಲ್ಲ. ಕೇಂದ್ರದ ಮೂವರೂ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡು, ಒಬ್ಬರಿಗೊಬ್ಬರು ಹೇಳದೆ ಎರಡು ವರ್ಷದಿಂದ ಅನುಭವಿಸುತ್ತಿದ್ದರು.

"ಎರಡು ವರ್ಷದಿಂದ ಒಳ್ಳೇ ಹುಡುಗರೇ ಇಲ್ಲ, ಕಾಲ ಕೆಟ್ಟಿದೆ ಅಂತಿದ್ರಲ್ಲಮ್ಮ" ಎಂದು ಕನ್ನಡಕದವರು ಕೇಳಿದರು. ಅರವತ್ತು ಜನ ಕುರ್ಚಿ ಬಿಟ್ಟು ಎದ್ದರು.

"ಮುಚ್ಚಿ ನಂದಕುಮಾರ್, ಮುಚ್ಚಿ" ಎಂದರು ಶಶಿರೇಖಮ್ಮ. ನಂದಕುಮಾರ ಗುಂಡಿಯನ್ನು ಎರಡು ಸಲ ಒತ್ತಿದ. ಹೊಸ ಕೋಡು ಬಹಳ ಪ್ರಾಮಾಣಿಕ. ಮೊದಲ ಸಲಕ್ಕೆ ಡಾಕ್ಟರು ಕೆಳಗೆ ಹೋದ, ಎರಡನೆಯ ಸಲಕ್ಕೆ ಮೇಲೆ ಬಂದ. ಮತ್ತೆ ಒತ್ತಿದ. ಡಾಕ್ಟರು ಇಡೀ ಸಭೆಗೆ ದೀರ್ಘದಂಡ ನಮಸ್ಕಾರ ಹಾಕುತ್ತಿರುವಂತೆ ಬಿದ್ದು ಬಿದ್ದು ಎದ್ದ. ನಂದಕುಮಾರ ಓಡಿಹೋಗಿ ಗೋಡೆಯ ಪ್ಲಗ್ಗು ಕಿತ್ತ. ಫ್ಯಾನು ನಿಂತಿತು. ಕಂಪ್ಯೂಟರೂ ಪ್ರೊಜೆಕ್ಟರೂ ಯುಪಿಎಸ್ಸಿನ ಮೇಲಿದ್ದವು, ಅವು ನಿಲ್ಲಲಿಲ್ಲ. ಸಭೆಗೆ ಸೆಕೆಯೂ ಸೇರಿತು.

ಆಗ ಕೊನೆಯ ವಿಂಡೋ ಬಂತು. ಕುಸುಮಾ. ವಯಸ್ಸು ಇಪ್ಪತ್ತೈದು, ಬಿ.ಕಾಂ. ಅವಳ ಅಪ್ಪ ನೋಂದಾಯಿಸಿದ್ದರು. ನಂದಕುಮಾರನ ಎದೆ ಒಂದು ಕ್ಷಣ ಯುಪಿಎಸ್ಸಿನ ಹಾಗೆ ಕುಂಯ್ ಎಂದಿತು. ಇವಳಿಗಿನ್ನೂ ಮದುವೆ ಗೊತ್ತಾಗಿಲ್ಲ, ಹಾಗಾದರೆ ದಾರಿ ಇದೆ.

"ನಿನ್ನ ವಿವರ ನೀನೇ ಬಚ್ಚಿಟ್ಟಿದ್ಯಾ?" ಎಂದರು ಶಶಿರೇಖಮ್ಮ, ಬೈಯಲು ಬೇರೆ ಯಾರೋ ಸಿಕ್ಕರೆಂಬ ನೆಮ್ಮದಿಯಲ್ಲಿ. "ಆ ರಾಮಾಂಜಿನಪ್ಪನವರ ಮಗನ್ನ ಯಾರು ಬಚ್ಚಿಟ್ಟಿದ್ದು?"

ಕುಸುಮಾ ಸೆರಗಿನ ತುದಿ ನೋಡಿದಳು. "ಅದೂ ನಾನೇ ಅಮ್ಮ."

"ಯಾಕೆ?"

"ಹೋದ ತಿಂಗಳು ಅವರೇ ಬಂದಿದ್ರು. ಫೋಟೋದಲ್ಲಿ ತಲೆ ಬರ್ತಿಲ್ಲ, ದಯವಿಟ್ಟು ಪೂರ್ತಿ ತೋರ್ಸಿ, ಆಮೇಲೆ ಯಾರಿಗೂ ಬೇಜಾರಾಗಬಾರದು ಅಂದ್ರು. ಇಲ್ಲಿಗೆ ಬಂದೋರಲ್ಲಿ ಇರೋದನ್ನ ಇದ್ದ ಹಾಗೆ ಹೇಳಿದೋರು ಅವರೊಬ್ರೇ. ಅದಕ್ಕೇ ಬೇರೆ ಯಾರಿಗೂ ತೋರ್ಸೋದು ಬೇಡ ಅನ್ನಿಸ್ತು."

ಲೋಹಿತನ ತಲೆ ಕೆಂಪಾಯಿತು. ಮುಚ್ಚಿಕೊಳ್ಳಲು ಏನೂ ಇಲ್ಲದ್ದರಿಂದ ಹಿಂದಿನ ಸಾಲಿನವರಿಗೂ ಕಂಡಿತು. ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಕೇಳಿದರು: "ನಿಮ್ಮ ತಂದೆಯವರ ಫೋನ್ ನಂಬರ್ ಕೊಡ್ತೀಯಾಮ್ಮ?"

ಅಲ್ಲಿಂದ ಮುಂದೆ ಜಗಳ ಮಾಡಲು ಯಾರಿಗೂ ಪುರಸೊತ್ತಾಗಲಿಲ್ಲ. ಡಾಕ್ಟರನನ್ನು ನಾಲ್ಕು ಮನೆಯವರು ಬರೆದುಕೊಂಡರು, ಲೆಕ್ಚರರನನ್ನು ಮೂರು. ಕನ್ನಡಕದ ಹೆಂಗಸಿನ ನಾದಿನಿಗೆ ಸಂಜೆ ವಾಕಿಂಗ್ ಇಷ್ಟವೆಂದು ತಿಳಿದು ದೊರೆಸ್ವಾಮಿ ಕಂಪ್ಯೂಟರಿನ ಹಿಂದಿನಿಂದ ಹೊರಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಸಂಬಂಧಗಳು ಮಾತಿಗೆ ಕುಳಿತಿದ್ದವು. ಕೇಂದ್ರದ ಇತಿಹಾಸದಲ್ಲೇ ಒಂದು ದಿನಕ್ಕೆ ಅಷ್ಟು ಆಗಿರಲಿಲ್ಲ. ಶಶಿರೇಖಮ್ಮನವರ ಸಿಟ್ಟು ಇಳಿದು, ಅವರೇ ಕೇಸರಿಬಾತು ತರಿಸಿದರು.

ಕುಸುಮಾ ಒಂದು ತಟ್ಟೆ ತಂದು ನಂದಕುಮಾರನ ಮುಂದಿಟ್ಟಳು. ಕಣ್ಣು ಹೊಳೆಯುತ್ತಿದ್ದವು. "ಎಲ್ಲಾ ನಿಮ್ಮಿಂದಾನೇ ಆಗಿದ್ದು, ನಂದಕುಮಾರಣ್ಣ."

ನಂದಕುಮಾರ ಆ 'ಅಣ್ಣ' ಎಂಬ ಮಾತಿನ ಜೊತೆ ಕೇಸರಿಬಾತನ್ನೂ ನುಂಗಿದ.

ಶಶಿರೇಖಮ್ಮ ಮುನಿರಾಜರಿಗೆ ಫೋನು ಮಾಡಿದರು. ಮಲ್ಲೇಶ್ವರಕ್ಕೂ ನಿಮ್ಮದೇ ಸಾಫ್ಟ್‌ವೇರ್, ಆದರೆ ಆ ಎರಡು ಸಲ ಒತ್ತುವ ಸೌಲಭ್ಯ ಇವತ್ತೇ ವಾಪಸ್ಸು ಬರಬೇಕು, ಈ ಸಲ ಯಾರು ಏನು ಮಾಡಿದರೂ ತಾನಾಗಿ ಹೊರಗೆ ಬರಬಾರದು ಎಂದರು. ಮುನಿರಾಜ್ ನಂದಕುಮಾರನಿಗೆ ಫೋನು ಕೊಡಿಸಿ, "ಹಾಕ್ಕೊಡಯ್ಯ. ಗಟ್ಟಿಯಾಗಿ ಹಾಕು" ಎಂದರು.

ನಂದಕುಮಾರ ಕಚೇರಿಗೆ ಹೋಗಿ ಬರೆದು, ನಾಲ್ಕೂವರೆಗೆ ಮರಳಿ ಬಂದ. ಅವನು ಅಡ್ಡಾದಿಡ್ಡಿ ಕೆಲಸ ಮಾಡುವವನಲ್ಲ. ಮಾಯ ಎಂಬುದನ್ನು ವಿಂಡೋದ ಅಧಿಕೃತ ಸ್ಥಿತಿಗಳಲ್ಲೊಂದಾಗಿ ಸೇರಿಸಿದ್ದ. ಮುಚ್ಚಿ ತೆರೆದರೂ, ಕರೆಂಟು ಹೋಗಿ ಬಂದರೂ ಅದು ಅಲ್ಲಾಡುವಂತಿರಲಿಲ್ಲ. ಯಾರು ಮಾಯ ಮಾಡಿದರೋ ಅವರೇ ಗುಪ್ತಸಂಖ್ಯೆ ಹೊಡೆದರೆ ಮಾತ್ರ ಹೊರಬರುತ್ತಿತ್ತು.

"ಯಾರ ಮೇಲೆ ಪರೀಕ್ಷೆ ಮಾಡೋಣ?" ಎಂದು ಶಶಿರೇಖಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗಿನ್ನೂ ಮದುವೆ ಆಗಿಲ್ಲ ಅಲ್ವಾ? ನಿಮ್ಮ ವಿವರಾನೇ ಹಾಕಿ. ಪರೀಕ್ಷೆಗೂ ಆಯ್ತು, ಮದುವೆಗೂ ಆಯ್ತು."

ಬೆಳಗಿನಿಂದ ಮೊದಲ ಬಾರಿಗೆ ನಂದಕುಮಾರನಿಗೆ ಜೀವ ಬಂದಂತಾಯಿತು. ಓಕಳಿಪುರದ ಮನೆ, ಇಪ್ಪತ್ತೆಂಟು ವಯಸ್ಸು, ಬಿ.ಇ., ಎಲ್ಲ ತುಂಬಿದ. ಜೇಬಿನಲ್ಲಿದ್ದ, ಅದೇ ನೀಲಿ ಷರಟಿನ ಪಾಸ್‌ಪೋರ್ಟ್ ಫೋಟೋವನ್ನು ದೊರೆಸ್ವಾಮಿ ಸ್ಕ್ಯಾನು ಮಾಡಿದರು. ನಂದಕುಮಾರ ಗೋಡೆಯ ಮೇಲೆ ಆಳೆತ್ತರಕ್ಕೆ ಬೆಳಗಿದ. ಹಾಲಿನಲ್ಲಿ ಉಳಿದಿದ್ದವರು ತಿರುಗಿ ನೋಡಿದರು.

"ತಲೆ ತುಂಬಾ ಕೂದಲಿದೆ" ಎಂದು ಹಿಂದಿನಿಂದ ಒಬ್ಬ ತಾಯಿ ಮೆಚ್ಚಿದರು. ಪಕ್ಕದಲ್ಲಿದ್ದ ಮಗಳು ಬೇಸರ ಬಿಟ್ಟು ತಲೆಯೆತ್ತಿದಳು. ನಂದಕುಮಾರನಿಗೂ ಅವಳು ಕಂಡಳು. ಹಣೆಯಲ್ಲಿ ಪುಟ್ಟ ಬೊಟ್ಟು, ತುಟಿಯಲ್ಲಿ ಸಣ್ಣ ನಗು. ತಾಯಿ ಚೀಲದಿಂದ ಪೆನ್ನು ಹುಡುಕತೊಡಗಿದರು.

ಶಶಿರೇಖಮ್ಮ ಷರಾದ ಜಾಗದಲ್ಲಿ ಏನೋ ಟೈಪು ಮಾಡಿದರು. ಗುಂಡಿಯನ್ನು ಎರಡು ಸಲ ಒತ್ತಿದರು.

ಗೋಡೆ ಬೆಳ್ಳಗಾಯಿತು.

"ಚೆನ್ನಾಗಿ ಕೆಲಸ ಮಾಡ್ತಿದೆ" ಎಂದರು.

"ಈಗ ನಿಮ್ಮ ಗುಪ್ತಸಂಖ್ಯೆ ಹೊಡೀರಿ ಅಮ್ಮ, ವಾಪಸ್ ಬರುತ್ತೆ."

"ಯಾಕೆ ಬರಬೇಕು? ಐದು ಜನಾನೂ ಕೈಬಿಟ್ಟು ಹೋದ್ರು ನಿಮ್ಮಿಂದ. ನಮ್ಮ ಯಶಶ್ರೀಗೆ ಒಬ್ಬನಾದ್ರೂ ಬೇಡ್ವಾ?"

ನಂದಕುಮಾರ ಅರೆಗಳಿಗೆ ಯೋಚಿಸಿದ. ಇದೂ ಕೆಟ್ಟದ್ದೇನಲ್ಲ. "ಅವರನ್ನ ಯಾವಾಗ ನೋಡಬಹುದು ಅಮ್ಮ?"

"ಡಾಕ್ಟರಿಕೆ ಓದ್ತಿದಾಳೆ. ಅದಾದ್ಮೇಲೆ ಇನ್ನೂ ದೊಡ್ಡ ಡಾಕ್ಟರಿಕೆ ಓದ್ಬೇಕಂತೆ. ಐದು ವರ್ಷ ಮದುವೆ ಮಾತೇ ಎತ್ತಬೇಡಿ ಅಂದಿದಾಳೆ. ಆಮೇಲೆ ಒಪ್ಪಿದ್ರೆ ನೋಡೋಣ."

ಅಷ್ಟು ಹೊತ್ತಿಗೆ ಆ ತಾಯಿಗೆ ಪೆನ್ನು ಸಿಕ್ಕಿತ್ತು. ಮಗಳನ್ನು ಕರೆದುಕೊಂಡು ಮೇಜಿನ ಹತ್ತಿರ ಬಂದರು. ಬೆಳಗಿನಿಂದ ಗೋಡೆಯ ಮೇಲಿನ ಬೆಳಕನ್ನೇ ನೋಡಿ ನೋಡಿ ಅವರ ಕಣ್ಣು ಮಂಜಾಗಿದ್ದವು. ನಂದಕುಮಾರನನ್ನು ಪಕ್ಕಕ್ಕೆ ಸರಿಸಿ, "ಸ್ವಲ್ಪ ದಾರಿ ಬಿಡಪ್ಪ" ಎಂದು ದೊರೆಸ್ವಾಮಿಯವರನ್ನು ಕೇಳಿದರು: "ಈಗ ಗೋಡೆ ಮೇಲೆ ಒಬ್ಬ ಹುಡುಗ ಬಂದಿದ್ನಲ್ಲ, ನೀಲಿ ಷರಟು. ಅವನ ವಿವರ ಕೊಡಿ."

ದೊರೆಸ್ವಾಮಿ ಹೆಸರು ಹೊಡೆದು ಹುಡುಕಿದರು. ಪ್ರಾಮಾಣಿಕವಾಗಿ ಎರಡು ಸಲ ಹುಡುಕಿದರು.

"ಅಂಥವರು ಯಾರೂ ಇಲ್ವಲ್ಲಮ್ಮ" ಎಂದರು.