ನಾಲ್ಕನೇ ಗೇರ್ ಮರೆತ ಕಾರು

ಹಳೆಯ ಕಾರು ಇರುವ ಮನೆಯವರು ತಮಾಷೆ ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ. ಅದು ದಿನಾ ಗೇಟಿನ ಒಳಗೇ ನಿಂತಿರುತ್ತದೆ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಮದರಾಸಿಗೆ ಬಂದೆ. ಮದರಾಸು ಹೋಗಿ ಚೆನ್ನೈ ಆಯಿತು, ನಾನು ಹಾಗೇ ಉಳಿದೆ. ನಮ್ಮ ಯಜಮಾನರು ಪ್ಯಾರೀಸ್ ಕಾರ್ನರ್ ಹತ್ತಿರ ಹೋಟೆಲ್ ನಡೆಸಿದವರು, ಈಗ ಮನೆಯಲ್ಲಿದ್ದಾರೆ. ಅವರಿಗೆ ಕಾರು ಓಡಿಸಲು ಬಾರದು. ನನಗೆ ಬರುತ್ತದೆ, ಆದರೆ ನನ್ನ ಎಡ ಮಂಡಿಗೆ ಕ್ಲಚ್ ಒತ್ತಲು ಬಾರದು. ಹಾಗಾಗಿ ತಾನೇ ಗೇರ್ ಬದಲಿಸಿಕೊಳ್ಳುವ ಈ ಹಳೆಯ ಆಟೋಮ್ಯಾಟಿಕ್ ಕಾರೇ ನನ್ನ ಕಾಲು.

ಅದಕ್ಕೆ ಈಚೆಗೆ ಒಂದು ಕಾಯಿಲೆ ಶುರುವಾಯಿತು. ಬೈಪಾಸ್ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಚೆನ್ನಾಗಿ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಮೂರಕ್ಕೆ ಇಳಿದು, ಹಿಟ್ಟಿಲ್ಲದ ಗ್ರೈಂಡರ್ ಹಾಗೆ ಗುರ್ರೆನ್ನುತ್ತಿತ್ತು. ಆಮೇಲೆ ಮನೆ ಮುಟ್ಟುವವರೆಗೂ ಮೂರೇ. ಪೋರೂರಿನಲ್ಲಿರುವ ಮಗಳು ಒಂದು ಸಲ ಆ ಸದ್ದು ಕೇಳಿಸಿಕೊಂಡಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತಮಿಳು, ಸಿಟ್ಟು ಮಾತ್ರ ಪೂರ್ತಿ. ದೀಪಾವಳಿಯೊಳಗೆ ಇದು ಸರಿಯಾಗಬೇಕು, ಇಲ್ಲದಿದ್ದರೆ ಕಾರು ಗುಜರಿಗೆ, ನೀನು ಟ್ಯಾಕ್ಸಿಗೆ ಅಂದುಬಿಟ್ಟಳು. ಎಪ್ಪತ್ತು ದಾಟಿದವಳಿಗೆ ಇನ್ನೊಂದು ಕಾರು ಯಾರು ಕೊಡಿಸುತ್ತಾರೆ? ಇದು ಹೋದರೆ ನನ್ನ ಡ್ರೈವಿಂಗ್ ಮುಗಿಯಿತು ಅಂತಲೇ ಲೆಕ್ಕ.

ಮೂಗಿನ ಪರೀಕ್ಷೆ

ಮೊದಲು ನೋಡಿದವರು ಮೇಲಿನ ಮನೆಯ ಮಾಮ. ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗೇರ್‌ಬಾಕ್ಸ್ ಕೆಟ್ಟಿದ್ದರೆ ಅದರ ಎಣ್ಣೆ ಸುಟ್ಟ ವಾಸನೆ ಬರುತ್ತದೆ ಅಂದರು. ಅಳತೆಯ ಕಡ್ಡಿಯನ್ನು ಎಳೆದು ತೆಗೆದು, ಬಿಳಿ ಬಟ್ಟೆಗೆ ಒರೆಸಿ, ಕಣ್ಣು ಮುಚ್ಚಿ ಮೂಸಿದರು. ಖಾತ್ರಿಯಾಗಲಿಲ್ಲ. ನನಗೆ ಕೊಟ್ಟರು. ನನಗೆ ನೆಗಡಿ.

ಕೊನೆಗೆ ಬಟ್ಟೆ ನಮ್ಮ ಯಜಮಾನರ ಕೈಗೆ ಹೋಯಿತು. ಬೆಳಗಿನ ಮೊದಲ ಸಾಂಬಾರನ್ನು ಮೂಸಿಯೇ ಪಾಸು-ಫೇಲು ಹೇಳುತ್ತಿದ್ದವರು ಅವರು. ಕೆಂಪಗಿದ್ದ ಎಣ್ಣೆಯನ್ನು ಬೆಳಕಿಗೆ ಹಿಡಿದರು, ಮೂಸಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮೂಸಿದರು. ನಾವಿಬ್ಬರೂ ಉಸಿರು ಹಿಡಿದು ಕಾದೆವು.

"ಸೀದಿಲ್ಲ. ಆದರೆ ನಿನ್ನೆಯದ್ದು," ಅಂದರು.

ನಿಂಬೆಹಣ್ಣಿನ ಸೋರಿಕೆ

ಮಾಮನ ಹೆಂಡತಿ ಮಾಮಿಗೆ ಎಣ್ಣೆಯ ಮೇಲೆ ನಂಬಿಕೆಯಿಲ್ಲ. ಇದು ದೃಷ್ಟಿ, ಬೇರೇನೂ ಅಲ್ಲ ಅಂತ ಅವರ ತೀರ್ಮಾನ. ವಯಸ್ಸಾದ ಹೆಂಗಸು ಕಾರು ಓಡಿಸಿದರೆ, ಗಂಡ ಪಕ್ಕದಲ್ಲಿ ಆರಾಮವಾಗಿ ಕೂತಿದ್ದರೆ, ಬೀದಿಯ ಕಣ್ಣು ಬೀಳದೆ ಇರುತ್ತದೆಯೇ? ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು ಅದರ ಮೇಲೆ ಕಾರು ಹತ್ತಿಸಬೇಕು ಅಂದರು. ಇಟ್ಟೆವು, ಹತ್ತಿಸಿದೆ. ಅದೇ ಖುಷಿಯಲ್ಲಿ ಕಾರನ್ನು ನೇರ ಮೆಕ್ಯಾನಿಕ್ ಹತ್ತಿರ ಬಿಟ್ಟು ಬಂದೆ.

ಒಂದು ಗಂಟೆಯೊಳಗೆ ಅವನ ಫೋನು. ಧ್ವನಿ ಆಸ್ಪತ್ರೆಯಿಂದ ಮಾತಾಡಿದ ಹಾಗಿತ್ತು. ಹಿಂದಿನ ಚಕ್ರದ ಹತ್ತಿರ ಏನೋ ತಿಳಿ ಹಳದಿ ನೀರು ಇಳಿಯುತ್ತಿದೆ, ಬ್ರೇಕ್ ಎಣ್ಣೆಯಲ್ಲ, ಗೇರ್ ಎಣ್ಣೆಯಲ್ಲ, ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಯೇ ಇಲ್ಲ, ಚಕ್ರ ಬಿಚ್ಚಲೇ ಅಂತ ಕೇಳಿದ. ಬಿಚ್ಚುವ ಮೊದಲು ಒಂದು ಸಲ ಮೂಸಿ ನೋಡಪ್ಪಾ ಅಂದೆ. ಆ ಕಡೆ ಮೂಸುವ ಸದ್ದು ಕೇಳಿಸಿತು.

"ಅಮ್ಮಾ, ಉಪ್ಪಿನಕಾಯಿ ಹಾಕೋದಾದ್ರೆ ಮನೆಯಲ್ಲೇ ಹಾಕಿ," ಅಂದ ತಮಿಳಿನಲ್ಲಿ.

ಡಾಕ್ಟರ ಮುಂದೆ ಜ್ವರ ಇಲ್ಲ

ಅವನು ಒಳ್ಳೆಯ ಮೆಕ್ಯಾನಿಕ್ಕೇ. ಕಾರಿಗೆ ಒಂದು ಯಂತ್ರ ಸಿಕ್ಕಿಸಿ ನೋಡಿದ, ಅದರಲ್ಲಿ ದೋಷ ಕಾಣಲಿಲ್ಲ. ತಾನೇ ಓಡಿಸಿದ, ಕಾರು ನಾಲ್ಕನೇ ಗೇರ್‌ಗೆ ಬೆಣ್ಣೆಯ ಹಾಗೆ ಹೋಯಿತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಓಡಿಸಿದೆ, ಆಗಲೂ ಬೆಣ್ಣೆ. ಸರಿಯಾಯಿತು ಅಂತ ಅಲ್ಲೇ ಕಾಯುತ್ತಿದ್ದ ಯಜಮಾನರನ್ನು ಹತ್ತಿಸಿಕೊಂಡು ಬೈಪಾಸಿಗೆ ಬಂದೆ, ಗುರ್ರ್. ಸಿಟ್ಟಿನಿಂದ ವಾಪಸ್ ತಿರುಗಿಸಿದೆ. ಗ್ಯಾರೇಜಿನ ಮುಂದೆ ಯಜಮಾನರು ಇಳಿದರು, ಮೆಕ್ಯಾನಿಕ್ ಹತ್ತಿದ, ಮತ್ತೆ ಬೆಣ್ಣೆ.

ಇದು ಶಾಲೆಗೆ ಹೊರಟಾಗ ಮಾತ್ರ ಬರುವ ಹೊಟ್ಟೆನೋವಿನ ಹಾಗಿದೆ ಅಂದೆ. ಅವನು ತಲೆ ಕೆರೆದುಕೊಂಡು ಪ್ರಶ್ನೆ ಕೇಳಲು ಶುರು ಮಾಡಿದ. ಬಿಸಿಲಲ್ಲಿ ಬರುತ್ತದೆಯೇ, ಏರಿನಲ್ಲಿ ಬರುತ್ತದೆಯೇ, ಎ.ಸಿ. ಹಾಕಿದಾಗಲೇ? ಕೊನೆಗೆ, ಆಗ ಕಾರಿನಲ್ಲಿ ಭಾರ ಏನಾದರೂ ಇರುತ್ತದೆಯೇ ಅಂದ.

ನಾನು ಯಜಮಾನರ ಕಡೆ ನೋಡಿದೆ. ಅವರು ಹೊಟ್ಟೆ ಒಳಕ್ಕೆ ಎಳೆದುಕೊಂಡರು.

ಕೊನೆಯ ಪರೀಕ್ಷೆ

ದೀಪಾವಳಿ ಬಂದೇ ಬಿಟ್ಟಿತು. ಹಬ್ಬದ ಹಿಂದಿನ ಭಾನುವಾರ ಮಗಳು ತೀರ್ಪು ಹೇಳಲು ಬಂದಳು. ಗುಜರಿಯವನ ಜೊತೆ ಮಾತಾಡಿಯೇ ಬಂದಿದ್ದಳು. ಇದೊಂದು ಸಲ ನೋಡಿಬಿಡೋಣ ಅಂತ ನಾನು ಬೇಡಿಕೊಂಡೆ. ನಾನು ಸ್ಟಿಯರಿಂಗ್ ಹಿಡಿದೆ, ಯಜಮಾನರು ಎಂದಿನ ಹಾಗೆ ಪಕ್ಕದಲ್ಲಿ, ಮಗಳೂ ಮೆಕ್ಯಾನಿಕ್ಕೂ ಹಿಂದೆ. ಶಬ್ದ ಎಲ್ಲಿಂದ ಏಳುತ್ತದೆ ಅಂತ ಕೇಳಲು ಅವನು ನಮ್ಮಿಬ್ಬರ ಸೀಟಿನ ನಡುವೆ ತಲೆ ತೂರಿಸಿ ಕೂತ.

ಬೈಪಾಸಿನಲ್ಲಿ ಕಾರು ಸುಖವಾಗಿ ನಾಲ್ಕಕ್ಕೆ ಹೋಯಿತು. ಮುಂದೆ ಒಂದು ಕಂಟೇನರ್ ಲಾರಿ. ನಾನು ಬಲಕ್ಕೆ ತೆಗೆದು ಅದನ್ನು ಹಿಂದೆ ಹಾಕಲು ಹೊರಟೆ. ಯಜಮಾನರು ನಾರಾಯಣ ನಾರಾಯಣ ಅಂದರು, ಕಾರು ಗುರ್ರೆಂದಿತು. ಕೀಲಿಕೈ ಇನ್ನು ನನ್ನದಲ್ಲ ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಮೆಕ್ಯಾನಿಕ್ ಮೆಲ್ಲಗೆ, "ಅಯ್ಯಾ, ಕೈ ಎಡುಂಗೋ," ಅಂದ, ಯಜಮಾನರಿಗೆ ಕೈ ತೆಗೆಯಿರಿ ಅಂತ.

ಗೇರ್ ಹಿಡಿಯ ಎಡಮಗ್ಗುಲಿಗೆ, ಅಂದರೆ ನನಗೆ ಕಾಣದ ಕಡೆ, ಒಂದು ಪುಟ್ಟ ಬಟನ್ ಇದೆಯಂತೆ. ಘಾಟಿ ಇಳಿಯುವಾಗ ನಾಲ್ಕನೇ ಗೇರ್ ಬೇಡ ಅನ್ನಲು ಒತ್ತುವುದಂತೆ. ಒತ್ತಿದರೆ ಒಂದು ದೀಪ ಹತ್ತಬೇಕು, ಅದರ ಬಲ್ಬು ಯಾವಾಗಲೋ ಹೋಗಿತ್ತು. ಆ ಬಟನ್ ಮೇಲೆ ಯಜಮಾನರ ಹೆಬ್ಬೆರಳಿತ್ತು.

ಕಾರನ್ನು ಬದಿಗೆ ನಿಲ್ಲಿಸಿದೆ. ಯಜಮಾನರೇ ಹೇಳಲು ಶುರು ಮಾಡಿದರು. ಹೋಟೆಲಿನಲ್ಲಿ ಅವರ ಗಲ್ಲಾದ ಕೆಳಗೆ ಒಂದು ಬಟನ್ ಇತ್ತು. ಜನ ಕಡಿಮೆಯಾದಾಗ ಅದನ್ನು ಒತ್ತಿದರೆ ಅಡುಗೆಮನೆಯಲ್ಲಿ ದೀಪ ಹತ್ತಿ, ದೋಸೆ ಹೊಯ್ಯುವವರು ನಿಧಾನ ಮಾಡುತ್ತಿದ್ದರು. ಬದುಕಿಡೀ ಆ ಬಟನ್ ಮೇಲೆ ಬೆರಳಿಟ್ಟು ಕೂತವರು. ಕಾರಿನಲ್ಲೂ ಒಂದು ದಿನ ಹೀಗೇ ಬೆರಳು ತಾಗಿತು, ಕಾರು ನಿಧಾನವಾಯಿತು. ಅಂದಿನಿಂದ ನಾನು ಲಾರಿ ಹಿಂದೆ ಹಾಕಲು ಹೊರಟಾಗಲೆಲ್ಲ ಒತ್ತುತ್ತಿದ್ದರು. ಎಲ್ಲೇ ಇಳಿಯಲಿ, ಕರೆಂಟು ಸುಮ್ಮನೆ ಯಾಕೆ ಪೋಲಾಗಬೇಕು ಅಂತ, ಮತ್ತೊಮ್ಮೆ ಒತ್ತಿ ಆರಿಸಿ ಇಳಿಯುತ್ತಿದ್ದರು.

"ಎಂತದ್ದು ಮಾರಾಯ್ರೇ, ಇಷ್ಟು ದಿನ ಕಾರನ್ನು ಮೂಸಿ, ನಿಂಬೆಹಣ್ಣು ಹತ್ತಿಸಿ, ಎಲ್ಲ ಮಾಡಿದೆವಲ್ಲ, ಆಗಾದರೂ ಹೇಳಬಾರದಿತ್ತೇ?" ಅಂದೆ.

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಕಾರಿನ ಕಾಯಿಲೆ ಬೇರೆ ಅಲ್ವನಾ? ಇದು ಪಕ್ಕದಲ್ಲಿ ಕೂತವರಿಗೆ ಕಂಪನಿಯವರು ಕೊಟ್ಟ ಸೌಲಭ್ಯ ಅಂದುಕೊಂಡೆ."

ಮೆಕ್ಯಾನಿಕ್ ಕಾರಿನಿಂದ ಇಳಿದು, ರಸ್ತೆ ಬದಿಯಲ್ಲಿ ನಮಗೆ ಬೆನ್ನು ತಿರುಗಿಸಿ ನಿಂತ. ಅವನ ಭುಜಗಳು ಕುಣಿಯುತ್ತಿದ್ದವು. ಮಗಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಅಲ್ಲೇ ಗುಜರಿಯವನಿಗೆ ಫೋನು ಮಾಡಿ ಬರಬೇಡ ಅಂದಳು. ಆಮೇಲೆ ತೀರ್ಪು ಹೇಳಿದಳು: "ಕಾರು ಅಮ್ಮನ ಹತ್ರಾನೇ ಇರಲಿ. ಅಪ್ಪಾ, ನೀಂಗ ಪಿನ್ನಾಡಿ ಪೋಂಗೋ."

ಯಜಮಾನರು ಗೌರವದಿಂದ ಇಳಿದು, ಪಂಚೆ ಸರಿಮಾಡಿಕೊಂಡು ಹಿಂದಿನ ಸೀಟಿಗೆ ಹೋದರು, ಮೆಕ್ಯಾನಿಕ್ ಅವರ ಪಕ್ಕ ಹತ್ತಿದ, ಮಗಳು ಮುಂದೆ ಬಂದಳು. ನಾನು ಗೇರ್ ಹಾಕಿದೆ. ಒಂದು, ಎರಡು, ಮೂರು, ನಾಲ್ಕು, ಕಾರು ಹಾಡಿಕೊಂಡು ಹೊರಟಿತು. ಮುಂದೆ ಇನ್ನೊಂದು ಲಾರಿ ಕಂಡಿತು. ನಾನು ಇಂಡಿಕೇಟರ್ ಹಾಕಿದೆ.

ಹಿಂದಿನಿಂದ ಸೀಟಿನ ಸಂದಿಯನ್ನೆಲ್ಲ ತಡಕಾಡುವ ಸದ್ದು. ಆಮೇಲೆ ಯಜಮಾನರು ಮೆಕ್ಯಾನಿಕ್‌ನನ್ನು ತಗ್ಗಿದ ದನಿಯಲ್ಲಿ ಕೇಳಿದರು:

"ಏನಪ್ಪಾ, ಹಿಂದೆ ಕೂತವರದ್ದು ಎಲ್ಲಿದೆ?"