ನನಗೇಕೆ ಬರುವುದಿಲ್ಲ ಕಳ್ಳರ ಫೋನು?

ಹೊಟ್ಟೆಕಿಚ್ಚಿಗೆ ಇಂಥದ್ದೇ ಕಾರಣ ಬೇಕೆಂದಿಲ್ಲ. ಕೆಲವರಿಗೆ ಪಕ್ಕದ ಮನೆಯ ಕಾರು, ಕೆಲವರಿಗೆ ಬೀಗರ ಮನೆಯ ಬಂಗಾರ. ನನಗೆ ಮಾತ್ರ ಬಸಣ್ಣನಿಗೆ ಬರುವ ಕಳ್ಳರ ಫೋನು. ನಗಬೇಡಿ. ಇಡೀ ರಾಣೆಬೆನ್ನೂರಿನಲ್ಲಿ ಮೊಬೈಲ್ ವಾಲೆಟ್ಟನ್ನು ನನ್ನಷ್ಟು ಶಿಸ್ತಿನಿಂದ ಕಾಯುವವರು ಇನ್ನೊಬ್ಬರಿರಲಾರರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಬೆಳಿಗ್ಗೆ ಸೂರ್ಯನಮಸ್ಕಾರ ಮುಗಿದೊಡನೆ ಫೋನಿನ ತಪಾಸಣೆ. ತಿಂಗಳ ಮೊದಲ ದಿನ ಪಿನ್ ಬದಲು. ಗುರುತಿಲ್ಲದ ಲಿಂಕು ಒತ್ತುವುದಿಲ್ಲ. ಓಟಿಪಿ ಹೆಂಡತಿಗೂ ಹೇಳುವುದಿಲ್ಲ. "ನಾ ಏನ ನಿಮ್ಮ ರೊಕ್ಕ ತಗೊಂಡು ಓಡಿ ಹೋಗ್ತೀನೇನ್ರಿ?" ಎಂದು ಗಿರಿಜಾ ಎಷ್ಟೋ ಸಲ ಕೇಳಿದ್ದಾಳೆ. ಅವಳ ಮೊಣಕಾಲಿನ ಸ್ಥಿತಿ ನೋಡಿದರೆ ಓಡುವ ಸಂಭವ ಕಡಿಮೆ, ಆದರೂ ನಿಯಮ ನಿಯಮವೇ. ಇಷ್ಟೆಲ್ಲ ಕೋಟೆ ಕಟ್ಟಿಕೊಂಡು ಕುಳಿತ ಮೇಲೆ ದಾಳಿ ಮಾಡಲು ಒಬ್ಬನಾದರೂ ಬರಬೇಡವೇ?

ಬರುವುದೆಲ್ಲ ಬಸಣ್ಣನಿಗೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿ, ಈಗ ನಮ್ಮ ಓಣಿಯಲ್ಲಿ ಮನೆ ಕಟ್ಟಿಸಿಕೊಂಡಿರುವ ಮನುಷ್ಯ. ಅವನ ಪಿನ್ನು ಮನೆಮಂದಿಗೆಲ್ಲ ಗೊತ್ತು. ಆದರೂ ಮುಂಜಾನೆ ಉದ್ಯಾನದ ಕಟ್ಟೆಯ ಮೇಲೆ ಅವನದೇ ದರ್ಬಾರು. "ನಿನ್ನೆ ಮತ್ತೊಬ್ಬ ಫೋನ್ ಮಾಡಿದ್ದ ನೋಡ್ರಪಾ. ನಿಮ್ಮ ವಾಲೆಟ್ ಬಂದ್ ಆಗತೈತಿ, ಲಗೂನ ನಂಬರ್ ಹೇಳ್ರಿ ಅಂದ. ಹೇಳೋಣಂತ ತಮ್ಮಾ, ಮೊದಲ ನೀ ಹೇಳು, ನಿನಗ ಡಬ್ಬಿ ಮೆಣಸಿನಕಾಯಿ ಬೇಕೋ, ಕಡ್ಡಿ ಬೇಕೋ ಅಂದೆ. ಅರ್ಧಾ ತಾಸು ರೇಟು ಹೇಳಿ, ಹತ್ತು ಚೀಲಕ್ಕ ಅಡ್ವಾನ್ಸ್ ಕಳಸು ಅಂದೆ. ಅವನೇ ಫೋನ್ ಇಟ್ಟ!" ಕಟ್ಟೆ ಬಿದ್ದು ಬಿದ್ದು ನಗುತ್ತದೆ. ನಾನು ಬಗ್ಗಿ ಬೂಟಿನ ದಾರ ಬಿಗಿಯುತ್ತೇನೆ. "ಮಾಸ್ತರ, ನಿಮಗ ಒಂದೂ ಬಂದಿಲ್ಲೇನ್ರಿ?" ಎಂದು ಅವನು ಕನಿಕರದಿಂದ ಕೇಳುತ್ತಾನೆ. "ಕಳ್ಳರೂ ನಿಮಗ ಅಂಜತಾರ ಬಿಡ್ರಿ." ಸಾಲದ್ದಕ್ಕೆ ಮಹಿಳಾ ಸಂಘದವರು ಮೋಸದ ಕರೆಗಳ ಬಗ್ಗೆ ಅವನಿಂದಲೇ ಭಾಷಣ ಮಾಡಿಸಿ, ಅವನಿಗೇ ಶಾಲು ಹೊದಿಸಿದರು. ನಿಯಮ ಪಾಲಿಸಿದವನು ನಾನು, ಶಾಲು ಅವನ ಹೆಗಲಿಗೆ. ಸಂಘದ ಪರವಾಗಿ ಪೇಟೆಗೆ ಹೋಗಿ ಆ ಶಾಲು ಆರಿಸಿ ತಂದವಳು ಗಿರಿಜಾ.

ಆ ಉರಿ ಆರುವ ಮೊದಲೇ, ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ನನಗೊಂದು ಫೋನು ಬಂತು. "ಸರ್, ವಾಲೆಟ್ ಕಂಪನಿಯಿಂದ ಮಾತಾಡ್ತಿದೀನಿ. ಹಾವೇರಿ ಜಿಲ್ಲೆಯ ಅತ್ಯಂತ ಎಚ್ಚರಿಕೆಯ ಗ್ರಾಹಕ ಅಂತ ನಿಮ್ಮನ್ನ ಆರಿಸಿದೀವಿ. ಸನ್ಮಾನ ಇದೆ."

"ಶಾಲು ಇರತೈತೇನ್ರಿ?" ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಶಾಲು, ಫಲಕ, ಪೇಟ, ಎಲ್ಲಾ ಇರುತ್ತೆ ಸರ್."

ಬಸಣ್ಣನಿಗೆ ಪೇಟ ಇಟ್ಟಿರಲಿಲ್ಲ! ಹೆಸರು ಖಾತ್ರಿ ಮಾಡಿಕೊಳ್ಳಲು ಒಂದು ಸಂಖ್ಯೆ ಬರುತ್ತದೆ, ಓದಿ ಹೇಳಿ ಎಂದ. ಬಂತು. ಪಿಂಚಣಿ ಜಮೆಯಾಗುವ ಖಾತೆಗೇ ಆ ವಾಲೆಟ್ ಜೋಡಿಸಿದೆ ಎಂಬುದನ್ನೂ ಮರೆತು, ಕವಾಯತಿನ ದನಿಯಲ್ಲಿ ಓದತೊಡಗಿದೆ: "ನಾಲ್ಕು, ಏಳು, ಒಂದು..."

ಕೆಳಗಿನಿಂದ ಸೀಟಿ ಕೇಳಿಸಿತು. ನನ್ನದೇ ಹಳೆಯ ಸೀಟಿ. ಮಹಡಿಯಲ್ಲಿದ್ದವನನ್ನು ಊಟಕ್ಕೆ ಕರೆಯಲು ಗಿರಿಜಾ ಅದನ್ನೇ ಊದುತ್ತಾಳೆ. ಸೀಟಿ ಕೇಳಿದೊಡನೆ ಬಾಯಿ ಮುಚ್ಚಿ ನೆಟ್ಟಗೆ ನಿಲ್ಲಬೇಕೆಂದು ಜೀವಮಾನವಿಡೀ ಮಕ್ಕಳಿಗೆ ಕಲಿಸಿ ಕಲಿಸಿ ನನಗೂ ಅದೇ ರೂಢಿಯಾಗಿಬಿಟ್ಟಿದೆ. ನಿಂತೆ. "ಮುಂದೆ ಹೇಳಿ ಸರ್, ಮುಂದೆ!" ಎಂದು ಫೋನು ಗೋಗರೆಯುತ್ತಿತ್ತು. ನಿಂತಲ್ಲೇ ಕಣ್ಣು ಸಂದೇಶದ ಮೇಲೆ ಬಿತ್ತು: 'ಈ ಸಂಖ್ಯೆಯನ್ನು ಯಾರಿಗೂ ತಿಳಿಸಬೇಡಿ.' ಕರೆ ಕತ್ತರಿಸಿದೆ.

"ಯಾರದ್ರಿ ಫೋನು?" ಎಂದಳು ಗಿರಿಜಾ, ರೊಟ್ಟಿ ಬಡಿಸುತ್ತ.

"ರಾಂಗ್ ನಂಬರ" ಎಂದೆ. ತಿಂಗಳ ನಡುವೆಯೇ ಪಿನ್ ಬದಲಿಸಿದ್ದು ನನ್ನ ಬಾಳಿನಲ್ಲಿ ಅಂದೇ ಮೊದಲು.

ರಾತ್ರಿ ಕಳೆಯುವಷ್ಟರಲ್ಲಿ ಹೆದರಿಕೆ ಹೋಗಿ ಹೆಮ್ಮೆ ಬಂದಿತ್ತು. ಕೊನೆಗೂ ನನಗೊಂದು ಕಥೆ ಸಿಕ್ಕಿತ್ತಲ್ಲ! ಓದಿದ ಮೂರು ಅಂಕಿಗಳನ್ನೂ ಸೀಟಿಯನ್ನೂ ಬಿಟ್ಟು, ಉಳಿದದ್ದಕ್ಕೆ ಉಪ್ಪುಖಾರ ಹಚ್ಚಿಕೊಂಡು ಕಟ್ಟೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಬಸಣ್ಣ ಶುರು ಮಾಡಿದ್ದ.

"ಮೊನ್ನೆ ಒಬ್ಬ ನನಗ, ನೀವ ಜಿಲ್ಲಾದಾಗ ಭಾಳ ಹುಷಾರ ಗ್ರಾಹಕ, ಸನ್ಮಾನ ಮಾಡ್ತೀವಿ ಅಂದ. ನನ್ನ ಪಿನ್ನು ಮೊಮ್ಮಕ್ಕಳಿಗೂ ಗೊತ್ತೈತೋ ಮಾರಾಯ, ಖರೇ ಹುಷಾರ ಅಂದ್ರ ನಮ್ಮ ಮಾಸ್ತರು, ಪಾಪ ಅವರಿಗೆ ಒಂದೂ ಫೋನ್ ಬಂದಿಲ್ಲ, ಅವರಿಗೆ ಮಾಡು ಅಂತ ನಂಬರ್ ಕೊಟ್ಟೆ. ಮಾಡಿದ್ನೇನ್ರಿ ಮಾಸ್ತರ?"

ಕಟ್ಟೆಯೆಲ್ಲ ನನ್ನ ಕಡೆ ತಿರುಗಿತು.

"ಇಲ್ಲ" ಎಂದು ಬೂಟಿನ ದಾರ ಬಿಗಿದೆ. ಕಳ್ಳನ ಸನ್ಮಾನವನ್ನೂ ಬಸಣ್ಣನ ಶಿಫಾರಸಿನಿಂದ ಪಡೆದವನು ಇನ್ನೇನು ತಾನೇ ಹೇಳಿಯಾನು?